ಹಳೆಯ ಬಾಗಿಲು ಕಲಿಸಿದ ಪಾಠ: ಸಿಎನ್‌ಸಿ ಯಂತ್ರಕ್ಕೆ ಪವರ್ ಸಪ್ಲೈ ಆರಿಸುವುದು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಭಾಷಣಕಾರನಲ್ಲ. ಈ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ, ಐಟಿಐ ಮಾಡಿ, ಬೆಂಗಳೂರಿನ ಪೀಣ್ಯದಲ್ಲಿ ಹದಿನೈದು ವರ್ಷ ಫಿಟ್ಟರ್ ಕೆಲಸ ಮಾಡಿದೆ. ಈಗ ಊರಿಗೆ ಬಂದು ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದೇನೆ. ಗೇಟು, ಕಿಟಕಿ, ನೇಗಿಲು ರಿಪೇರಿ ನನ್ನ ಅನ್ನದ ಕೆಲಸ. ರಾತ್ರಿ ಹೊತ್ತು ಹವ್ಯಾಸಕ್ಕೆಂದು ಒಂದು ಸಿಎನ್‌ಸಿ ಯಂತ್ರವನ್ನು ಕೈಯಲ್ಲೇ ಕಟ್ಟಿದೆ. ವೇದಿಕೆಯ ಎಡಕ್ಕೆ ನಿಲ್ಲಿಸಿರುವ ಆ ಕೆತ್ತನೆಯ ಕದವನ್ನು ಬೆಳಿಗ್ಗೆಯಿಂದ ಎಲ್ಲರೂ ನೋಡುತ್ತಿದ್ದೀರಿ. ಅದನ್ನು ಕೆತ್ತಿದ್ದು ಆ ಯಂತ್ರವೇ. ಅದರ ಬಗ್ಗೆ ನಾಲ್ಕು ಮಾತು ಆಡು ಅಂತ ಸಮಿತಿಯವರು ಹೇಳಿದರು.

ಆದರೆ ಕದದ ಹಿಂದೆ ಗೋಣಿಚೀಲ ಸುತ್ತಿ ಇಟ್ಟಿರುವ ಇನ್ನೊಂದು ಹಲಗೆ ಇದೆ. ಅದರ ಬಗ್ಗೆ ಮಾತಾಡದೆ ಈ ಕದದ ಬಗ್ಗೆ ಮಾತಾಡುವುದು ಸರಿಯಲ್ಲ. ಅದಕ್ಕೇ ಇವತ್ತು ನಾನು ಯಂತ್ರದ ಹೊಗಳಿಕೆ ಮಾಡದೆ, ಅದರೊಳಗಿನ ಒಂದೇ ಒಂದು ಪೆಟ್ಟಿಗೆಯ ಬಗ್ಗೆ ಹೇಳುತ್ತೇನೆ. ಅದರ ಹೆಸರು ಪವರ್ ಸಪ್ಲೈ.

ನಮ್ಮ ಹಳೆಯ ಕಟ್ಟಡದ ಮುಂಬಾಗಿಲು ಹಿರಿಯರಿಗೆಲ್ಲ ನೆನಪಿರುತ್ತದೆ. ಹಲಸಿನ ಮರದ ಎರಡು ಕದಗಳ ಬಾಗಿಲು. ಶಾಲೆ ಶುರುವಾದಾಗ ಊರಿನವರೇ ಮರ ಕೊಟ್ಟು, ಊರಿನ ಆಚಾರ್ರೇ ಮಾಡಿದ್ದು. ಹಳೆಯ ಕಟ್ಟಡ ಬೀಳಿಸುವಾಗ ಆ ಕದಗಳನ್ನು ಯಾರೋ ಪುಣ್ಯಾತ್ಮರು ತೆಗೆದಿಟ್ಟಿದ್ದರು. ಮಹೋತ್ಸವದ ಸಭೆಯಲ್ಲಿ ಒಂದು ತೀರ್ಮಾನವಾಯಿತು. ಒಂದು ಕದದ ಮೇಲೆ ಇಲ್ಲಿ ಪಾಠ ಮಾಡಿದ ಎಲ್ಲ ಗುರುಗಳ ಹೆಸರು, ಇನ್ನೊಂದರ ಮೇಲೆ ಶಾಲೆಗೆ ಜಾಗ, ಮರ, ದುಡಿಮೆ ಕೊಟ್ಟ ಮನೆತನಗಳ ಹೆಸರು ಕೆತ್ತಿಸಬೇಕು. ಹೊರಗೆ ಕೊಡುವುದು ಬೇಡ, ನಾನು ಮಾಡುತ್ತೇನೆ ಅಂತ ಎದ್ದು ನಿಂತು ಹೇಳಿದವನು ನಾನೇ.

ಯಂತ್ರ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಮಕ್ಕಳಿಗಾಗಿ ಸ್ವಲ್ಪ ಹೇಳುತ್ತೇನೆ. ಕೆತ್ತುವ ಉಳಿ ವೇಗವಾಗಿ ತಿರುಗುತ್ತಿರುತ್ತದೆ. ಅದನ್ನು ಎಡಬಲಕ್ಕೆ ಒಯ್ಯಲು ಒಂದು ಮೋಟಾರ್, ಹಿಂದೆ ಮುಂದೆ ಒಯ್ಯಲು ಒಂದು, ಮೇಲೆ ಕೆಳಗೆ ಮಾಡಲು ಒಂದು, ಒಟ್ಟು ಮೂರು. ಇವು ಫ್ಯಾನಿನ ಮೋಟಾರ್‌ನಂತೆ ಸುಮ್ಮನೆ ಸುತ್ತುವುದಿಲ್ಲ. ಹೆಜ್ಜೆ ಇಟ್ಟು ತಿರುಗುತ್ತವೆ. ಅದಕ್ಕೇ ಸ್ಟೆಪ್ಪರ್ ಮೋಟಾರ್ ಅನ್ನುತ್ತಾರೆ. ಒಂದು ಸುತ್ತಿಗೆ 200 ಹೆಜ್ಜೆ, ಅಂದರೆ ಒಂದು ಹೆಜ್ಜೆಗೆ 1.8 ಡಿಗ್ರಿ. ನನ್ನ ಯಂತ್ರದ ಸ್ಕ್ರೂ ಒಂದು ಸುತ್ತಿಗೆ 5 ಮಿಲಿಮೀಟರ್ ಸರಿಯುತ್ತದೆ. ಆದ್ದರಿಂದ ಒಂದು ಹೆಜ್ಜೆಗೆ 0.025 ಮಿಲಿಮೀಟರ್. ಕೂದಲೆಳೆಗಿಂತ ಸಣ್ಣ ಅಳತೆ ಅಂತಲೇ ಹೇಳಬಹುದು.

ಕಂಪ್ಯೂಟರ್ "ಇಷ್ಟು ಹೆಜ್ಜೆ ಹೋಗು" ಅನ್ನುತ್ತದೆ. ಡ್ರೈವ್ ಎನ್ನುವ ಸಣ್ಣ ಪೆಟ್ಟಿಗೆ ಆ ಸನ್ನೆಯನ್ನು ಕೇಳಿ ಮೋಟಾರ್‌ನ ಸುರುಳಿಗಳಿಗೆ ವಿದ್ಯುತ್ ಬಿಡುತ್ತದೆ. ಡ್ರೈವ್‌ಗೆ ಆ ವಿದ್ಯುತ್ ಒದಗಿಸುವುದು ಪವರ್ ಸಪ್ಲೈ. ಇಲ್ಲಿ ಒಂದು ಮುಖ್ಯ ಸಂಗತಿ ಇದೆ. ಈ ಬಗೆಯ ಯಂತ್ರಕ್ಕೆ ಕಣ್ಣಿಲ್ಲ. ನೂರು ಹೆಜ್ಜೆ ಹೋಗು ಅಂತ ಹೇಳಿದ ಮೇಲೆ ಕಂಪ್ಯೂಟರ್ ನೂರು ಹೋಯಿತು ಅಂತಲೇ ನಂಬುತ್ತದೆ. ಮೋಟಾರ್ ತೊಂಬತ್ತಕ್ಕೆ ಎಡವಿ ನಿಂತಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಅಲ್ಲಿಂದ ಮುಂದಿನ ಕೆಲಸವೆಲ್ಲ ತಪ್ಪಾದ ಜಾಗದಲ್ಲೇ ನಡೆಯುತ್ತದೆ.

ನನ್ನ ಮೋಟಾರ್‌ಗಳು ನೆಮಾ 23 ಅಳತೆಯವು. ಮುಖದ ಅಗಲ 57 ಮಿಲಿಮೀಟರ್. ಅವುಗಳ ವಿವರ ಪತ್ರದಲ್ಲಿ 3 ಆಂಪಿಯರ್, ಸುರುಳಿಯ ರೋಧ 1 ಓಮ್ ಅಂತ ಇತ್ತು. ಓಮನ ನಿಯಮ ನನಗೆ ಈಗಲೂ ಬಾಯಿಪಾಠ. 3 ಆಂಪಿಯರ್ ಗುಣಿಸು 1 ಓಮ್ ಅಂದರೆ 3 ವೋಲ್ಟ್. ಡ್ರೈವ್‌ಗಳು ಟಿಬಿ6600 ಅನ್ನುವ ಬಗೆಯವು. ಅವುಗಳ ಮೈಮೇಲೆ 9 ರಿಂದ 42 ವೋಲ್ಟ್ ಅಂತ ಬರೆದಿತ್ತು. ಎಲ್‌ಇಡಿ ಬೋರ್ಡ್ ಕೆಲಸಕ್ಕೆಂದು ತಂದು ಉಳಿದಿದ್ದ ಒಂದು ಪವರ್ ಸಪ್ಲೈ ನನ್ನ ಹತ್ತಿರ ಇತ್ತು. 12 ವೋಲ್ಟ್, 30 ಆಂಪಿಯರ್, ಅಂದರೆ 360 ವಾಟ್. ಮೋಟಾರ್‌ಗೆ ಬೇಕಾದದ್ದು 3 ವೋಲ್ಟ್, ನಾನು ಕೊಡುವುದು ಅದರ ನಾಲ್ಕರಷ್ಟು. ಮೂರು ಮೋಟಾರ್‌ಗೆ 9 ಆಂಪಿಯರ್ ಸಾಕು, ಇರುವುದು 30. ಡ್ರೈವ್ ಕೇಳುವ 9 ವೋಲ್ಟಿಗಿಂತಲೂ ಮೇಲೆ ಇದೆ. ಇನ್ನೇನು ಬೇಕು ಅಂದುಕೊಂಡು ಜೋಡಿಸಿದೆ.

ಸಿಲ್ವರ್ ಓಕ್ ತುಂಡುಗಳ ಮೇಲೆ ಒಂದು ವಾರ ಪರೀಕ್ಷೆ ಮಾಡಿದೆ. ನಿಮಿಷಕ್ಕೆ 500 ಮಿಲಿಮೀಟರ್ ವೇಗ. ಅಕ್ಷರಗಳು ಚೆನ್ನಾಗಿ ಬಂದವು. ಧೈರ್ಯ ಬಂತು.

ಮೊದಲ ಕದ ಕೆತ್ತುವ ದಿನ ಸಮಿತಿಯವರು, ನಿವೃತ್ತ ಮೇಷ್ಟ್ರುಗಳು, ತೀರಿಕೊಂಡ ಗುರುಗಳ ಮನೆಯವರು ಕೆಲವರು ವರ್ಕ್‌ಶಾಪಿಗೆ ಬಂದಿದ್ದರು. ನಮಗೆ ಹಿಂದಿ ಹೇಳಿಕೊಟ್ಟ ಮೇಷ್ಟ್ರ ಮಗಳು ಮೈಸೂರಿನಿಂದ ಬಂದಿದ್ದರು. ನಾಲ್ಕು ಗಂಟೆಗೆ ಕರೆಂಟು ಹೋಗುವ ದಿನ. ಅಷ್ಟರೊಳಗೆ ಮುಗಿಸಿ ಎಲ್ಲರಿಗೂ ತೋರಿಸಬೇಕು ಅನ್ನುವ ಆಸೆಯಿಂದ ವೇಗವನ್ನು 1500ಕ್ಕೆ ಏರಿಸಿದೆ. ಹತ್ತು ಹೆಸರು ಸರಿಯಾಗಿ ಬಂದವು. ಹನ್ನೊಂದನೆಯ ಹೆಸರಿನ ನಡುವೆ ಮೇಲೆ ಕೆಳಗೆ ಮಾಡುವ ಮೋಟಾರ್ ಗುರ್ ಅಂತ ಸದ್ದು ಮಾಡಿತು. ಉಳಿ ಏಳಬೇಕಾದ ಕಡೆ ಏಳಲಿಲ್ಲ. ಮರದೊಳಗೆ ಇದ್ದ ಹಾಗೇ ಪಕ್ಕಕ್ಕೆ ಓಡಿತು. ಮುಂದಿನ ಅಕ್ಷರಕ್ಕೆ ಇನ್ನೂ ಆಳಕ್ಕೆ ಇಳಿಯಿತು. ನಾನು ಗುಂಡಿ ಒತ್ತಿ ನಿಲ್ಲಿಸುವ ಹೊತ್ತಿಗೆ ಎರಡು ಹೆಸರುಗಳ ಮೇಲೆ ಬೆರಳು ತೂರುವಷ್ಟು ಆಳದ ಗೀರು ಬಿದ್ದಿತ್ತು. ಆ ಎರಡರಲ್ಲಿ ಒಂದು ಹಿಂದಿ ಮೇಷ್ಟ್ರ ಹೆಸರು.

ಯಾರೂ ಬೈಯಲಿಲ್ಲ. ಒಬ್ಬ ಅಜ್ಜ ಬೆನ್ನು ತಟ್ಟಿ, "ಹೋಗ್ಲಿ ಬಿಡಪ್ಪ, ಮರ ತಾನೆ" ಅಂದರು. ಆ ಮರ ಅವರ ತೋಟದ್ದು. ಅವರ ಅಪ್ಪ ಕೊಟ್ಟದ್ದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಚಾರ್ರನ್ನು ಕರೆಸಿ ಹೆರೆದು ಸರಿಮಾಡಬಹುದಾ ಅಂತ ಕೇಳಿದೆ. ಅವರು ಗೀರಿನೊಳಗೆ ಕಡ್ಡಿ ಇಳಿಸಿ ನೋಡಿ ತಲೆ ಆಡಿಸಿದರು. ಅಷ್ಟು ಹೆರೆದರೆ ಹಲಗೆ ಉಳಿಯುವುದಿಲ್ಲ ಅಂದರು. ಗೆಳೆಯರು ಕೆಲವರು ಮೋಟಾರ್ ಸಣ್ಣದಾಯಿತು, ಇನ್ನೂ ದೊಡ್ಡದು ಹಾಕು, ಬೇಕಾದರೆ ನಾವೇ ದುಡ್ಡು ಹಾಕುತ್ತೇವೆ ಅಂದರು. ನಾನೂ ಅದೇ ಅಂದುಕೊಂಡು ದೊಡ್ಡ ಮೋಟಾರ್‌ಗಳ ಬೆಲೆ ವಿಚಾರಿಸತೊಡಗಿದೆ. ತರಿಸಿದ್ದರೆ ಎರಡನೆಯ ಕದವೂ ಹಾಳಾಗುತ್ತಿತ್ತು.

ಅಷ್ಟರಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ವರ್ಕ್‌ಶಾಪಿಗೆ ಬಂದರು. ಅವರು ಈಗ ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಹೆಸರು ಹೇಳಬೇಡ ಅಂದಿದ್ದಾರೆ, ಹೇಳುವುದಿಲ್ಲ. ಸ್ಟೂಲ್ ಎಳೆದುಕೊಂಡು ಕೂತು, "ಏನಯ್ಯಾ, ಯಾಕೆ ಹಿಂಗಾಯ್ತು ಅಂತ ಲೆಕ್ಕ ಹಾಕಿದೆಯಾ?" ಅಂತ ಕೇಳಿದರು.

"ಹಾಕಿದ್ದೆ ಸಾರ್, ನೀವು ಹೇಳಿಕೊಟ್ಟ ಲೆಕ್ಕಾನೇ" ಅಂದು 3 ಆಂಪಿಯರ್, 1 ಓಮ್, 3 ವೋಲ್ಟಿನ ಕಥೆ ಹೇಳಿದೆ.

ಅವರು ಮೋಟಾರ್‌ನ ವಿವರ ಪತ್ರವನ್ನು ಕೈಗೆ ತೆಗೆದುಕೊಂಡು ಕನ್ನಡಕ ಏರಿಸಿ ಓದಿದರು. "ಇಲ್ಲಿ ಇಂಡಕ್ಟೆನ್ಸ್ 3 ಮಿಲಿಹೆನ್ರಿ ಅಂತ ಇದೆಯಲ್ಲ, ಅದನ್ನ ಎಲ್ಲಿ ಬಿಟ್ಟೆ?"

ನಾನು ಸುಮ್ಮನಾದೆ. ಅದು ಏನು ಅಂತಲೇ ನೋಡಿರಲಿಲ್ಲ.

"ತಪ್ಪು ನಂದೂ ಇದೆ" ಅಂದರು ಮೇಷ್ಟ್ರು. "ಓಮನ ನಿಯಮಾನ ನಿಮಗೆ ಒಂದು ವಾರ ತಿಕ್ಕಿದೆ. ಫ್ಯಾರಡೆ ಪಾಠ ಪರೀಕ್ಷೆಗೆ ಜಾಸ್ತಿ ಬರಲ್ಲ ಅಂತ ಒಂದೇ ದಿನದಲ್ಲಿ ಮುಗಿಸಿದೆ."

ಆಮೇಲೆ ಬಿಟ್ಟುಹೋದ ಆ ಪಾಠವನ್ನು ಅಲ್ಲೇ ಮಾಡಿದರು. ಸುರುಳಿಯಲ್ಲಿ ಹರಿಯುವ ವಿದ್ಯುತ್ ಬದಲಾದಾಗ ಆ ಬದಲಾವಣೆಯನ್ನು ತಡೆಯುವ ಒಂದು ವಿರುದ್ಧ ಒತ್ತಡ ಸುರುಳಿಯಲ್ಲೇ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಕೊಂಡ. ಆ ಒತ್ತಡ ಯಾವಾಗಲೂ ವಿರುದ್ಧ ದಿಕ್ಕಿಗೇ ಇರುತ್ತದೆ ಅನ್ನುವುದನ್ನು ಲೆಂಜ್ ಹೇಳಿದ. ಇದೇ ವಿಷಯದ ಮೇಲೆ ಅಮೆರಿಕದಲ್ಲಿ ಕೆಲಸ ಮಾಡಿದ ಜೋಸೆಫ್ ಹೆನ್ರಿಯ ಹೆಸರನ್ನೇ ಈ ಅಳತೆಗೆ ಇಟ್ಟಿದ್ದಾರೆ. ಮೇಷ್ಟ್ರು ಕೊಟ್ಟ ಹೋಲಿಕೆ ಬೀಸುವ ಕಲ್ಲಿನದು. ಬೀಸುವ ಕಲ್ಲನ್ನು ಒಂದೇ ಸಮ ತಿರುಗಿಸಲು ಹೆಚ್ಚು ಬಲ ಬೇಡ. ನಿಂತ ಕಲ್ಲನ್ನು ಹೊರಡಿಸಲು ಬಲ ಬೇಕು. ಒಂದು ಸಲ ಬಲಕ್ಕೆ, ಮರುಗಳಿಗೆ ಎಡಕ್ಕೆ ತಿರುಗಿಸು ಅಂದರೆ ಎಷ್ಟು ಬಲ ಬೇಕು ನೋಡಿ. ಸ್ಟೆಪ್ಪರ್ ಮೋಟಾರ್‌ನ ಸುರುಳಿಯಲ್ಲಿ ನಡೆಯುವುದು ಇದೇ. ಪ್ರತಿ ಕೆಲವು ಹೆಜ್ಜೆಗೆ ವಿದ್ಯುತ್ತಿನ ದಿಕ್ಕು ಬದಲಾಗುತ್ತಲೇ ಇರಬೇಕು. ಓಮನ ನಿಯಮದ 3 ವೋಲ್ಟ್ ಒಂದೇ ಸಮ ತಿರುಗುವ ಕಲ್ಲಿಗೆ ಸಾಕಾಗುವ ಬಲ. ಹೊರಡಿಸುವ ಬಲದ ಲೆಕ್ಕವನ್ನು ನಾನು ಹಾಕಿಯೇ ಇರಲಿಲ್ಲ.

ಇಬ್ಬರೂ ಕೂತು ಸುಣ್ಣದ ಕಡ್ಡಿಯಲ್ಲಿ ಟೇಬಲ್ ಮೇಲೆ ಲೆಕ್ಕ ಹಾಕಿದೆವು. ನಿಮಿಷಕ್ಕೆ 1500 ಮಿಲಿಮೀಟರ್ ಅಂದರೆ 5 ಮಿಲಿಮೀಟರ್ ಸ್ಕ್ರೂಗೆ ನಿಮಿಷಕ್ಕೆ 300 ಸುತ್ತು, ಸೆಕೆಂಡಿಗೆ 5 ಸುತ್ತು, ಸೆಕೆಂಡಿಗೆ 1000 ಹೆಜ್ಜೆ. ಒಂದು ಹೆಜ್ಜೆಗೆ ಸಿಗುವ ಸಮಯ 1 ಮಿಲಿಸೆಕೆಂಡ್. ಆ ಸಮಯದೊಳಗೆ ಸುರುಳಿಯಲ್ಲಿ 3 ಆಂಪಿಯರ್ ತುಂಬಬೇಕು. 12 ವೋಲ್ಟ್ ಕೊಟ್ಟರೆ ತುಂಬಲು ಸುಮಾರು 0.9 ಮಿಲಿಸೆಕೆಂಡ್ ಬೇಕು. ಅಂದರೆ ಬಲ ಪೂರ್ತಿ ಬರುವ ಹೊತ್ತಿಗೆ ಹೆಜ್ಜೆಯ ಸಮಯವೇ ಮುಗಿದಿರುತ್ತದೆ. ಜೊತೆಗೆ ತಿರುಗುತ್ತಿರುವ ಮೋಟಾರ್ ತಾನೇ ಒಂದು ಡೈನಮೋದಂತೆ ವಿರುದ್ಧ ವೋಲ್ಟ್ ಹುಟ್ಟಿಸುತ್ತದೆ. ಅದನ್ನೂ ಕಳೆದರೆ ಉಳಿಯುವುದು ಇನ್ನೂ ಕಡಿಮೆ. ಉಳಿಯ ಭಾರವನ್ನೆಲ್ಲ ಎತ್ತಬೇಕಾದ ಮೋಟಾರ್ ಮೊದಲು ಸೋತದ್ದು ಅದಕ್ಕೇ. ಪರೀಕ್ಷೆಯ ದಿನಗಳಲ್ಲಿ 500ರ ವೇಗದಲ್ಲಿ ಒಂದು ಹೆಜ್ಜೆಗೆ 3 ಮಿಲಿಸೆಕೆಂಡ್ ಸಿಗುತ್ತಿತ್ತು. ಆಗ 12 ವೋಲ್ಟೇ ಸಾಕಾಗಿತ್ತು.

"ಈಗ 36 ವೋಲ್ಟ್ ಹಾಕಿ ನೋಡು" ಅಂದರು. ಲೆಕ್ಕ ಹಾಕಿದರೆ 0.26 ಮಿಲಿಸೆಕೆಂಡ್ ಬಂತು. ಹೆಜ್ಜೆಯ ಕಾಲುಭಾಗದಲ್ಲೇ ಪೂರ್ತಿ ಬಲ ಬರುತ್ತದೆ.

ನನಗೆ ಒಂದು ಹೆದರಿಕೆ ಇತ್ತು. 3 ವೋಲ್ಟಿನ ಮೋಟಾರ್‌ಗೆ 36 ವೋಲ್ಟ್ ಕೊಟ್ಟರೆ ಸುಟ್ಟುಹೋಗುವುದಿಲ್ಲವೇ? ಇದು ಹೊಸದಾಗಿ ಯಂತ್ರ ಕಟ್ಟುವ ಎಲ್ಲರಿಗೂ ಬರುವ ಸಂಶಯ. ಮೋಟಾರನ್ನು ನೇರವಾಗಿ 36 ವೋಲ್ಟಿಗೆ ಕೊಟ್ಟರೆ ಖಂಡಿತ ಸುಡುತ್ತದೆ. ನಡುವೆ ಡ್ರೈವ್ ಇದೆಯಲ್ಲ, ಅದು ಟ್ಯಾಂಕಿನ ಬಾಲ್ ವಾಲ್ವ್ ಇದ್ದ ಹಾಗೆ. ಸುರುಳಿಯಲ್ಲಿ ನಾವು ಹೇಳಿದ 3 ಆಂಪಿಯರ್ ತುಂಬಿದ ತಕ್ಷಣ ಮುಚ್ಚುತ್ತದೆ, ಸ್ವಲ್ಪ ಇಳಿದರೆ ತೆರೆಯುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಹೀಗೆ ಮಾಡುತ್ತದೆ. ಟ್ಯಾಂಕ್ ಎತ್ತರದಲ್ಲಿದ್ದರೆ ಕೊಡ ಬೇಗ ತುಂಬುತ್ತದೆ, ಆದರೆ ಕೊಡದಲ್ಲಿ ನಿಲ್ಲುವ ನೀರು ಒಂದು ಕೊಡವೇ. ವೋಲ್ಟ್ ಅನ್ನುವುದು ಟ್ಯಾಂಕಿನ ಎತ್ತರ. ನನ್ನ ಹಳೆಯ ಪೆಟ್ಟಿಗೆಯದು ನೆಲದ ಮಟ್ಟದಲ್ಲಿರುವ ದೊಡ್ಡ ಸಂಪಿನ ಕಥೆ. ನೀರು ಬೇಕಾದಷ್ಟಿತ್ತು, ಎತ್ತರ ಇರಲಿಲ್ಲ.

ಹಾಗಾದರೆ ಪವರ್ ಸಪ್ಲೈ ಆರಿಸುವುದು ಹೇಗೆ? ನಾವು ಮಾಡಿದ ಕ್ರಮವನ್ನೇ ಹೇಳುತ್ತೇನೆ. ಇಲ್ಲಿ ಕೂತಿರುವ ಯಾರಾದರೂ ಮುಂದೆ ಇಂಥ ಯಂತ್ರ ಕಟ್ಟಿದರೆ ಉಪಯೋಗಕ್ಕೆ ಬರಲಿ.

ಮೊದಲು ವೋಲ್ಟ್. ಇದಕ್ಕೆ ಎರಡು ಮಿತಿ ನೋಡಬೇಕು. ಒಂದು ಮೋಟಾರ್‌ನದು. ಯಂತ್ರ ಕಟ್ಟುವವರು ಬಳಸುವ ಒಂದು ಸರಳ ಸೂತ್ರವಿದೆ. ಇಂಡಕ್ಟೆನ್ಸ್ ಎಷ್ಟು ಮಿಲಿಹೆನ್ರಿಯೋ ಅದರ ವರ್ಗಮೂಲವನ್ನು 32ರಿಂದ ಗುಣಿಸಬೇಕು. 3ರ ವರ್ಗಮೂಲ 1.73, ಗುಣಿಸಿದರೆ ಸುಮಾರು 55 ವೋಲ್ಟ್. ಅದಕ್ಕಿಂತ ಮೇಲೆ ಹೋದರೆ ಮೋಟಾರ್ ವೃಥಾ ಬಿಸಿಯಾಗುತ್ತದೆ. ಎರಡನೆಯದು ಡ್ರೈವ್‌ನ ಮಿತಿ. ನನ್ನದಕ್ಕೆ 42 ವೋಲ್ಟ್. ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಮ್ಮ ಮೇಲ್ಮಿತಿ. ಆದರೆ ಅದರ ಅಂಚಿಗೆ ಹೋಗಬಾರದು. ಓಡುತ್ತಿರುವ ಯಂತ್ರ ಗಕ್ಕನೆ ನಿಧಾನವಾದಾಗ ಮೋಟಾರ್ ಡೈನಮೋ ಆಗಿ ವಿದ್ಯುತ್ತನ್ನು ವಾಪಸ್ ತಳ್ಳುತ್ತದೆ. ಆಗ ತಂತಿಯಲ್ಲಿನ ವೋಲ್ಟ್ ಏರುತ್ತದೆ. ಅದಕ್ಕೆ ಜಾಗ ಬಿಟ್ಟು ನಾವು 36 ವೋಲ್ಟ್ ಆರಿಸಿದೆವು. ಇದೇ ಡ್ರೈವ್‌ಗೆ ಯಾರಾದರೂ 48 ವೋಲ್ಟಿನ ಪೆಟ್ಟಿಗೆ ಕೊಟ್ಟರೆ ಡ್ರೈವ್ ಸುಟ್ಟುಹೋಗುತ್ತದೆ. ಹೆಚ್ಚು ಎತ್ತರ ಒಳ್ಳೆಯದು ಅಂತ ಪೈಪ್ ಒಡೆಯುವಷ್ಟು ಎತ್ತರಕ್ಕೆ ಟ್ಯಾಂಕ್ ಕಟ್ಟಬಾರದು.

ಗೆಳೆಯರು ಹೇಳಿದ ದೊಡ್ಡ ಮೋಟಾರ್‌ನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಾನು ವಿಚಾರಿಸಿದ್ದ ಮೋಟಾರ್‌ನ ಇಂಡಕ್ಟೆನ್ಸ್ ಇದಕ್ಕಿಂತ ಹೆಚ್ಚು. ಅಂದರೆ ಇನ್ನೂ ಭಾರದ ಬೀಸುವ ಕಲ್ಲು. 12 ವೋಲ್ಟಿಗೆ ಅದು ಇನ್ನೂ ಬೇಗ ಎಡವುತ್ತಿತ್ತು.

ಆಮೇಲೆ ಆಂಪಿಯರ್. ಮೂರು ಮೋಟಾರ್, ತಲಾ 3 ಆಂಪಿಯರ್, ಒಟ್ಟು 9. ಆದರೆ ಪವರ್ ಸಪ್ಲೈಯಿಂದ ಅಷ್ಟೂ ಬೇಕಾಗುವುದಿಲ್ಲ. ಡ್ರೈವ್ ಹೆಚ್ಚು ವೋಲ್ಟ್, ಕಡಿಮೆ ಆಂಪಿಯರ್ ತೆಗೆದುಕೊಂಡು ಸುರುಳಿಗೆ ಕಡಿಮೆ ವೋಲ್ಟ್, ಹೆಚ್ಚು ಆಂಪಿಯರ್ ಮಾಡಿ ಕೊಡುತ್ತದೆ. ಮೂರರಲ್ಲಿ ಎರಡು ಪಾಲು ಸಾಕು ಅನ್ನುವುದು ರೂಢಿಯ ಲೆಕ್ಕ. 9ರಲ್ಲಿ ಎರಡು ಪಾಲು 6 ಆಂಪಿಯರ್. 36 ವೋಲ್ಟ್ ಗುಣಿಸು 6, ಅಂದರೆ 216 ವಾಟ್. ಪೆಟ್ಟಿಗೆಯ ಮೇಲೆ ಬರೆದಿರುವ ಪೂರ್ತಿ ಶಕ್ತಿಯನ್ನು ದಿನವಿಡೀ ಎಳೆಯುವುದು ಒಳ್ಳೆಯದಲ್ಲ. ಬೇಸಿಗೆಯಲ್ಲಿ ಶೀಟಿನ ಛಾವಣಿಯ ಕೆಳಗಂತೂ ಬೇಡವೇ ಬೇಡ. ಅದಕ್ಕೇ 350 ವಾಟಿನದು, 36 ವೋಲ್ಟ್ 9.7 ಆಂಪಿಯರ್ ಅಂತ ಬರೆದಿರುವುದನ್ನು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ತಂದೆ. ಗಮನಿಸಿ, ಹಳೆಯದು 360 ವಾಟ್, ಹೊಸದು 350. ಶಕ್ತಿ ಹೆಚ್ಚುಕಡಿಮೆ ಅಷ್ಟೇ. ವಾಟ್ ಒಂದನ್ನೇ ನೋಡಿ ಕೊಳ್ಳುವವನಿಗೆ ಎರಡೂ ಒಂದೇ ತರಹ ಕಾಣುತ್ತವೆ.

ಮೂರನೆಯದು, ಯಾವ ಬಗೆಯ ಪವರ್ ಸಪ್ಲೈ. ಒಂದು ಹಳೆಯ ಕಾಲದ ಬಗೆ. ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್, ದೊಡ್ಡ ಕೆಪಾಸಿಟರ್. 25 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿದರೆ 1.414ರಿಂದ ಗುಣಿಸಿ, ಡಯೋಡ್‌ಗಳಲ್ಲಿ ಕಳೆಯುವುದನ್ನು ತೆಗೆದರೆ ಸುಮಾರು 34 ವೋಲ್ಟ್ ಸಿಗುತ್ತದೆ. ತುಂಬಾ ಗಟ್ಟಿಮುಟ್ಟು. ಮೋಟಾರ್ ವಾಪಸ್ ತಳ್ಳುವ ವಿದ್ಯುತ್ತನ್ನೂ ಆ ದೊಡ್ಡ ಕೆಪಾಸಿಟರ್ ನುಂಗಿಕೊಳ್ಳುತ್ತದೆ. ಆದರೆ ಮನೆಯ ವೋಲ್ಟ್ ಏರಿದರೆ ಅದೂ ಏರುತ್ತದೆ, ಇಳಿದರೆ ಇಳಿಯುತ್ತದೆ. ನಮ್ಮೂರಿನ ಲೈನ್ ನಿಮಗೆ ಗೊತ್ತಲ್ಲ. ಪಂಪ್‌ಸೆಟ್‌ಗಳೆಲ್ಲ ಓಡುವಾಗ ನನ್ನ ವರ್ಕ್‌ಶಾಪಿನಲ್ಲಿ 190 ವೋಲ್ಟ್ ನೋಡಿದ್ದೇನೆ, ನಡುರಾತ್ರಿ 250 ನೋಡಿದ್ದೇನೆ. ಅಷ್ಟು ಏರಿಳಿತಕ್ಕೆ ಆ 34 ವೋಲ್ಟ್ ಒಮ್ಮೆ 28, ಒಮ್ಮೆ 37 ಆಗುತ್ತದೆ. ಯಂತ್ರ ಸುಮ್ಮನಿದ್ದಾಗ ಇನ್ನೂ ಮೇಲೇರಿ ಡ್ರೈವ್‌ನ ಮಿತಿಯ ಹತ್ತಿರ ಹೋಗುತ್ತದೆ.

ಇನ್ನೊಂದು ಬಗೆ ಎಸ್‌ಎಂಪಿಎಸ್. ಟಿವಿ, ಕಂಪ್ಯೂಟರ್ ಒಳಗೆ ಇರುವ ಜಾತಿಯದು. ತನ್ನ ಮಿತಿಯೊಳಗೆ ಲೈನ್ ಏರಿಳಿದರೂ 36 ಅಂದರೆ 36 ಕೊಡುತ್ತದೆ. ಹಗುರ, ಅಗ್ಗ. ಅದರ ದೋಷವೆಂದರೆ ಯಂತ್ರ ಗಕ್ಕನೆ ನಿಂತಾಗ ವಾಪಸ್ ಬಂದ ವಿದ್ಯುತ್ತಿಗೆ ಬೆದರಿ ಕೆಲವು ಪೆಟ್ಟಿಗೆಗಳು ತಾವೇ ಆಫ್ ಆಗಿಬಿಡುತ್ತವೆ. ಅದಕ್ಕೆ ಎರಡು ಪರಿಹಾರ. ಒಂದು, ವೇಗವನ್ನು ಗಕ್ಕನೆ ಇಳಿಸದೆ ಮೆಲ್ಲಗೆ ಇಳಿಸುವಂತೆ ಕಂಪ್ಯೂಟರ್‌ನಲ್ಲಿ ಹೇಳುವುದು. ಇನ್ನೊಂದು, ಡ್ರೈವ್‌ಗಳ ಹತ್ತಿರ 63 ವೋಲ್ಟ್ ತಾಳುವ ಕೆಪಾಸಿಟರ್ ಹಾಕುವುದು. ನಾನು ಎರಡೂ ಮಾಡಿದ್ದೇನೆ. ನಮ್ಮ ಲೈನಿಗೆ ಎಸ್‌ಎಂಪಿಎಸ್ ಸರಿ ಅಂತ ಮೇಷ್ಟ್ರೂ ಒಪ್ಪಿದರು.

ಜೋಡಿಸುವ ವಿಷಯದಲ್ಲೂ ಕೆಲವು ಮಾತು. ಎಷ್ಟೋ ಎಸ್‌ಎಂಪಿಎಸ್ ಪೆಟ್ಟಿಗೆಗಳ ಪಕ್ಕದಲ್ಲಿ 115, 230 ಅಂತ ಒಂದು ಸಣ್ಣ ಸ್ವಿಚ್ ಇರುತ್ತದೆ. ನಮ್ಮ ದೇಶದಲ್ಲಿ ಅದು 230ರಲ್ಲೇ ಇರಬೇಕು. 115ರಲ್ಲಿ ಬಿಟ್ಟು ಪ್ಲಗ್ ಹಾಕಿದರೆ ಪೆಟ್ಟಿಗೆ ಢಂ ಅನ್ನುತ್ತದೆ. ಡ್ರೈವ್ ಜೋಡಿಸುವ ಮೊದಲು ಮಲ್ಟಿಮೀಟರ್ ಇಟ್ಟು 36 ಬರುತ್ತಿದೆಯೇ ನೋಡಬೇಕು. ಪ್ಲಸ್ಸು ಮೈನಸ್ಸು ಅದಲುಬದಲಾದರೆ ಡ್ರೈವ್ ಕ್ಷಮಿಸುವುದಿಲ್ಲ. ಒಂದು ಡ್ರೈವ್‌ನಿಂದ ಇನ್ನೊಂದಕ್ಕೆ ಸರಪಳಿಯಂತೆ ತಂತಿ ಎಳೆಯದೆ, ಪ್ರತಿ ಡ್ರೈವ್‌ಗೂ ಪವರ್ ಸಪ್ಲೈಯಿಂದಲೇ ಬೇರೆ ಬೇರೆ ಜೋಡಿ ತಂತಿ ಎಳೆಯಬೇಕು. ಸ್ವಿಚ್ಚನ್ನು 230ರ ಕಡೆ ಇಡಬೇಕು, 36ರ ಕಡೆ ಅಲ್ಲ. ವಿದ್ಯುತ್ ಇರುವಾಗ ಮೋಟಾರ್‌ನ ತಂತಿಯನ್ನು ಡ್ರೈವ್‌ನಿಂದ ಎಂದೂ ಕೀಳಬಾರದು. ಕಿತ್ತ ಕ್ಷಣದಲ್ಲೇ ಡ್ರೈವ್ ಹೋಗಬಹುದು. ಕಾರಣ ಅದೇ ಫ್ಯಾರಡೆ ಪಾಠ. ಸುರುಳಿಯಲ್ಲಿ ಹರಿಯುವುದನ್ನು ಗಕ್ಕನೆ ಕಡಿದರೆ ಅದು ದೊಡ್ಡ ವೋಲ್ಟ್ ಎಬ್ಬಿಸುತ್ತದೆ.

ಮಕ್ಕಳೇ, ಇನ್ನೊಂದು ಮಾತನ್ನು ನೀವು ಮರೆಯಬಾರದು. ಈ ಪೆಟ್ಟಿಗೆಯಿಂದ ಹೊರಗೆ ಬರುವುದು 36 ವೋಲ್ಟ್ ಇರಬಹುದು, ಒಳಗೆ ಹೋಗುವುದು 230. ಒಳಗಿನ ಕೆಪಾಸಿಟರ್‌ನಲ್ಲಿ 320 ವೋಲ್ಟಿನಷ್ಟು ಇರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಅದನ್ನು ಬಿಚ್ಚಿ ನೋಡುವ ಸಾಹಸ ಬೇಡ. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಹಾಕಬೇಡಿ. ದೊಡ್ಡವರು ಜೊತೆಗಿಲ್ಲದೆ 230ರ ತಂತಿ ಮುಟ್ಟಬೇಡಿ.

ಎರಡನೆಯ ಕದದ ಕಥೆಗೆ ಬರುತ್ತೇನೆ. ಹೊಸ ಪೆಟ್ಟಿಗೆ ಹಾಕಿದ ಮೇಲೂ ನನಗೆ ಧೈರ್ಯ ಇರಲಿಲ್ಲ. ಉಳಿದಿರುವುದು ಒಂದೇ ಕದ. ಅದೂ ಹೋದರೆ ತರಲು ಇನ್ನೊಂದಿಲ್ಲ. ಮೇಷ್ಟ್ರು ಒಂದು ಪರೀಕ್ಷೆ ಹೇಳಿಕೊಟ್ಟರು. ಹಾಳಾದ ಕದದ ಮೇಲೆಯೇ, ಅದೇ ಹಲಸಿನ ಮರದ ಮೇಲೆಯೇ, 1500ರ ವೇಗದಲ್ಲಿ ಒಂದು ಗಂಟೆ ಓಡಿಸು. ಕೊನೆಗೆ ಯಂತ್ರವನ್ನು ಹೊರಟ ಜಾಗಕ್ಕೆ ವಾಪಸ್ ಕರೆ. ಮೊದಲು ಪೆನ್ಸಿಲಿನಲ್ಲಿ ಗುರುತು ಮಾಡಿದ ಚುಕ್ಕೆಯ ಮೇಲೆಯೇ ಉಳಿ ಬಂದು ನಿಂತರೆ ಒಂದು ಹೆಜ್ಜೆಯೂ ತಪ್ಪಿಲ್ಲ ಅಂತ ಅರ್ಥ. ಮೂರು ದಿನ, ಪಂಪ್‌ಸೆಟ್ ಓಡುವ ಹೊತ್ತಿನಲ್ಲೇ ಪರೀಕ್ಷಿಸಿದೆ. ಮೂರು ದಿನವೂ ಚುಕ್ಕೆಯ ಮೇಲೆಯೇ ಬಂದು ನಿಂತಿತು.

ಆದರೂ ನಿಜವಾದ ಕದವನ್ನು 1500ರಲ್ಲಿ ಕೆತ್ತಲಿಲ್ಲ, 900ರಲ್ಲಿ ಕೆತ್ತಿದೆ. ಯಾರನ್ನೂ ಕರೆದಿರಲಿಲ್ಲ. ಮೇಷ್ಟ್ರು ಮಾತ್ರ ಬಂದು ಸ್ಟೂಲ್ ಮೇಲೆ ಕೂತಿದ್ದರು. ಒಂದು ಕಡೆ ಗುರುಗಳ ಹೆಸರು ಒಂದು ದಿನ, ಹಲಗೆ ತಿರುಗಿಸಿ ಹಿಂಬದಿಗೆ ಮನೆತನಗಳ ಹೆಸರು ಇನ್ನೊಂದು ದಿನ. ಎರಡು ಕದದ ಹೆಸರುಗಳನ್ನೂ ಒಂದರಲ್ಲೇ ಸೇರಿಸಬೇಕಾಗಿ ಬಂದದ್ದರಿಂದ ಅಕ್ಷರಗಳು ಸ್ವಲ್ಪ ಚಿಕ್ಕವಾಗಿವೆ. ಅದಕ್ಕೆ ಕ್ಷಮೆ ಕೇಳುತ್ತೇನೆ. ಗೋಡೆಗೆ ಆನಿಸದೆ ಮೊಗಸಾಲೆಯ ನಡುವೆ ನಿಲ್ಲಿಸಿದರೆ ಎರಡು ಬದಿಯನ್ನೂ ಓದಬಹುದು ಅಂತ ಆಚಾರ್ರು ಅದಕ್ಕೊಂದು ಪೀಠ ಮಾಡಿಕೊಟ್ಟಿದ್ದಾರೆ. ಹಿಂದಿ ಮೇಷ್ಟ್ರ ಮಗಳು ಬೆಳಿಗ್ಗೆ ಬಂದು ತಂದೆಯ ಹೆಸರಿನ ಮೇಲೆ ಕೈಯಾಡಿಸಿ ಹೋದರು. ನನಗೆ ಅಷ್ಟು ಸಾಕು.

ಗೋಣಿಚೀಲ ಸುತ್ತಿರುವ ಆ ಹಾಳಾದ ಕದವನ್ನು ನಾನು ಸೌದೆಗೆ ಹಾಕಬೇಕು ಅಂದುಕೊಂಡಿದ್ದೆ. ಮೇಷ್ಟ್ರು ಬಿಡಲಿಲ್ಲ. "ವಿಜ್ಞಾನದ ಕೋಣೆಗೆ ಕೊಡು. ಫ್ಯಾರಡೆ ಪಾಠ ಮಾಡುವಾಗ ಮಕ್ಕಳಿಗೆ ತೋರಿಸಲಿ" ಅಂದರು. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಈಗ ಅದನ್ನು ಶಾಲೆಗೆ ಒಪ್ಪಿಸುತ್ತಿದ್ದೇನೆ. ಅದರ ಜೊತೆಗೆ ಆ 12 ವೋಲ್ಟಿನ ಪೆಟ್ಟಿಗೆ, ಒಂದು ಸ್ಟೆಪ್ಪರ್ ಮೋಟಾರ್, ಒಂದು ಡ್ರೈವ್, ಒಂದು ಮಲ್ಟಿಮೀಟರ್ ಕೂಡ ಇವೆ. ಆ ಪೆಟ್ಟಿಗೆ ಕೆಟ್ಟಿಲ್ಲ. ನಿಧಾನದ ಕೆಲಸಕ್ಕೆ, ಮಕ್ಕಳ ಪ್ರಯೋಗಕ್ಕೆ ಚೆನ್ನಾಗಿಯೇ ಇದೆ. ನಿಧಾನ ಓಡಿಸಿದಾಗ ಮೋಟಾರ್ ಹೇಗೆ ತಿರುಗುತ್ತದೆ, ವೇಗ ಏರಿಸಿದಾಗ ಎಲ್ಲಿ ಎಡವುತ್ತದೆ ಅಂತ ನೀವೇ ನೋಡಬಹುದು. ಒಂಬತ್ತು, ಹತ್ತನೇ ತರಗತಿಯ ಮಕ್ಕಳು ಶನಿವಾರ ಮಧ್ಯಾಹ್ನ ಮೇಷ್ಟ್ರ ಜೊತೆ ವರ್ಕ್‌ಶಾಪಿಗೆ ಬಂದರೆ ನನಗೆ ಸಂತೋಷ. ಬರುವಾಗ ಚಪ್ಪಲಿ ಬೇಡ, ಶೂ ಹಾಕಿಕೊಂಡು ಬನ್ನಿ, ಲೆಕ್ಕ ಹಾಕಲು ಒಂದು ನೋಟ್‌ಬುಕ್ ತನ್ನಿ.